ಕದಲದ ಕರು

"ಕರ ಎಲ್ಲಿತ್ತು ಅಕ್ಕಾ?"

"ಕಂಬಕ್ಕೆ ಕಟ್ಟಿತ್ತು."

"ಎಷ್ಟೊತ್ತು ಇತ್ತು?"

"ನಾನು ಕೂತಾಗ್ಲಿಂದ ಏಳೋಗಂಟ ಇತ್ತು. ಎದ್ದಿದ್ದೇ ಟ್ಯಾಂಕರ್ ಬಂದ್ಮೇಲೆ."

"ಮಲಗ್ಲಿಲ್ವಾ?"

"ಇಲ್ಲಮ್ಮ. ನಿಂತೇ ಇತ್ತು. ಒಂದ್ ಕಾಲು ಮುಂದಕ್ಕಿಟ್ಕಂಡು, ಮಕ ಗೋಡೆ ಕಡೆಗಾಕ್ಕಂಡು."

"ಬಾಲ? ಕಿವಿ? ನೊಣನಾದ್ರೂ ಓಡಿಸ್ತಾ?"

ಡೇರಿಯ ಮುಂದಿನ ಕೋಣೆಯಲ್ಲಿ ಕೂತಿದ್ದ ಆದಿಲಕ್ಷ್ಮಮ್ಮ ನನ್ನ ಮುಖವನ್ನು ಕನಿಕರದಿಂದ ನೋಡಿದಳು. "ಅದು ಟೀವಿಯಾಗಿನ ಕರ ಅಲ್ವೇನಮ್ಮ? ಅದ್ಯಾಕೆ ಬಾಲ ಅಲ್ಲಾಡಿಸ್ತದೆ?"

ಬಂಗಾರಪೇಟೆ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದಾಗ ನಾನು ಬಗೆಬಗೆಯ ಸಾಕ್ಷಿಗಳನ್ನು ಕಂಡಿದ್ದೇನೆ. ಸುಳ್ಳು ಹೇಳುವವರು, ಮರೆತವರು, ಕುಡಿದು ಬಂದವರು. ನಿವೃತ್ತಿಯಾದ ಮೇಲೂ ಜನ 'ಅಮ್ಮಾಜಮ್ಮ ಮೇಡಂ' ಅಂತ ಮನೆ ಬಾಗಿಲಿಗೆ ಬಂದು ಅದೇ ಕೆಲಸ ಮಾಡಿಸುತ್ತಾರೆ. ಆದರೆ ಇಷ್ಟು ಪ್ರಾಮಾಣಿಕವಾದ, ಇಷ್ಟು ಕೆಟ್ಟ ಸಾಕ್ಷಿಯನ್ನು ನೋಡಿದ್ದು ಇದೇ ಮೊದಲು.

ಸೋಮವಾರ ಸಂಜೆ ಕಲ್ಲುಗುಟ್ಟಹಳ್ಳಿ ಡೇರಿಯ ಸೆಕ್ರೆಟರಿ ಕದಿರಪ್ಪ ಹಾಲು ತಂಪಾಗಿಡುವ ಕೂಲರ್ ರೂಮಿನಲ್ಲಿ ಹೆಣವಾಗಿ ಬಿದ್ದಿದ್ದ, ಹಾಲು ಕಲಕುವ ಸ್ಟೀಲ್ ಸಲಾಕೆಯಿಂದ ತಲೆಗೆ ಏಟು. ಹಾಲು ಪರೀಕ್ಷೆ ಮಾಡುವ ಹುಡುಗ ಮುನಿರಾಜ್ ಅಂದಿನಿಂದ ಲಾಕಪ್ಪಿನಲ್ಲಿದ್ದಾನೆ, ನಾಳೆ ಬೆಳಿಗ್ಗೆ ಅವನನ್ನು ಜೈಲಿಗೆ ಸಾಗಿಸುತ್ತಾರೆ. ಅವನನ್ನು ಅಲ್ಲಿಗೆ ಕಳಿಸಿದ್ದು ಈ ಮುದುಕಿಯ ಒಂದೇ ಮಾತು.

"ಮುನಿರಾಜ ಆಚೆ ಬಂದ. ನಾನು ಕೂತೆ. ಆಮ್ಯಾಕೆ ಆ ಬಾಗ್ಲಾಗೆ ಒಂದು ನೊಣಾನೂ ಓಗ್ಲಿಲ್ಲ."

ಅಷ್ಟೇ. ಕೊನೆಗೆ ಒಳಗಿದ್ದವನು ಮುನಿರಾಜ್, ಅವನ ನಂತರ ಯಾರೂ ಹೋಗಿಲ್ಲ, ಆದ್ದರಿಂದ ಕೊಂದವನು ಅವನೇ. ಸಾಲದ್ದಕ್ಕೆ ಅವತ್ತು ಬೆಳಿಗ್ಗೆ ಹಾಲಿನ ಸಾಲಿನ ಮುಂದೆಯೇ ಅವನು ಕದಿರಪ್ಪನ ಕೊರಳಪಟ್ಟಿ ಹಿಡಿದಿದ್ದ. ಯಾಕೆ ಅಂತ ಕೇಳಿದರೆ ಹುಡುಗ ಬಾಯಿ ಬಿಡುವುದಿಲ್ಲ. ಪೊಲೀಸರ ಏಟಿಗೂ ಬಿಟ್ಟಿಲ್ಲ.

ಕಲ್ಲುಗುಟ್ಟಹಳ್ಳಿಯಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ. ಹಾಲಿಗೆ ನೀರು ಬೆರೆಸುವವರು ಡೇರಿಯವರೇ ಅಂತ ಊರು ಹೇಳುತ್ತದೆ, ಊರವರೇ ಅಂತ ಡೇರಿ ಹೇಳುತ್ತದೆ. ಕೊನೆಗೆ ಕೂಲರ್ ರೂಮಿನ ಬಾಗಿಲು ಕಾಣುವ ಹಾಗೆ ಒಂದು ಕ್ಯಾಮೆರಾ ಹಾಕಿಸಿದರು. ಅದರ ರೆಕಾರ್ಡಿಂಗ್ ಡಬ್ಬಿ ಮೊದಲ ಸಿಡಿಲಿಗೇ ಸುಟ್ಟುಹೋಯಿತು. ಹೊಸದು ತರಿಸೋಣ ಅಂತ ಯಾರೂ ಅನ್ನಲಿಲ್ಲ. ಹಿಂದೆ ಕೆರೆ ನೀರಿಗೆ ಸರದಿ ಇತ್ತಲ್ಲ, ಹಾಗೆ ಕ್ಯಾಮೆರಾಕ್ಕೂ ಸರದಿ ಮಾಡಿದರು. ಹಾಲು ಹಾಕಿಸಿಕೊಂಡ ಮೇಲೆ ಟ್ಯಾಂಕರ್ ಬರುವವರೆಗೆ ಮನೆಗೊಬ್ಬರಂತೆ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಎದುರು ಕೂತು ಆ ಬಾಗಿಲನ್ನು ನೋಡುತ್ತಿರಬೇಕು.

ಯಾವ ಮನೆಯವರೂ ಕೆಲಸಕ್ಕೆ ಬರುವವರನ್ನು ಕಳಿಸುವುದಿಲ್ಲ. ಕೂತಿರಲು ಬಂದರೆ ಸಾಕು ಅಂತ ಕಳಿಸುತ್ತಾರೆ. ಸೋಮವಾರ ಆದಿಲಕ್ಷ್ಮಮ್ಮನ ಮನೆ ಸರದಿ.

"ಹೊರಗೆ ಗಲಾಟೆ ಏನೂ ಕೇಳ್ಲಿಲ್ವಾ ಅಕ್ಕಾ?"

"ಕೇಳ್ತು. ಯಾರೋ ಇಡ್ಕಳ್ಳಿ ಇಡ್ಕಳ್ಳಿ ಅಂತ ಬಡ್ಕಂತಾ ಇದ್ರು. ನಾನು ಏಳಾಂಗಿಲ್ವಲ್ಲ. ಸರದಿ ಅಂದ್ಮ್ಯಾಕೆ ಕೂತ್ಕಾಬೇಕು."

ಬಾಗಿಲ ಹತ್ತಿರ ನೆರಳು ಬಿತ್ತು. ಕದಿರಪ್ಪನ ತಮ್ಮ ವೆಂಕಿ. ತಲೆ ಬೋಳಿಸಿಕೊಂಡಿದ್ದ, ಕಣ್ಣು ಕೆಂಪಗಿತ್ತು.

"ಇನ್ನೂ ಏನ್ ಕೆದಕ್ತಿದೀರ ಮೇಡಂ? ಮುನಿರಾಜನ ಅಮ್ಮ ಆ ಮುನಿಗಂಗಮ್ಮ ಅತ್ಕೊಂಡು ನಿಮ್ಮನೆಗೆ ಬಂದ್ಳು ಅಂತ ನೀವು ರೈಲತ್ಕೊಂಡು ಬಂದುಬಿಟ್ರಾ? ನನ್ನಣ್ಣನ ಬೂದಿ ಇನ್ನೂ ಆರಿಲ್ಲ."

"ನಿನ್ನ ಕೊತ್ತಂಬರಿ ಮಡಿಗೆ ಹೊಸದಾಗಿ ಜಾಲಿಮುಳ್ಳು ಹಾಕಿದೀಯಲ್ಲ ವೆಂಕಿ. ಬರ್ತಾ ನೋಡಿದೆ. ಏನು ನುಗ್ತು?"

ಅವನು ಒಂದು ಕ್ಷಣ ತಬ್ಬಿಬ್ಬಾದ. ಅಣ್ಣನ ಸಾವಿನ ಮಾತಿನ ನಡುವೆ ಕೊತ್ತಂಬರಿ ಬಂದದ್ದು ಅವನಿಗೆ ಅವಮಾನ ಅನಿಸಿರಬೇಕು. ಆದರೆ ಒಕ್ಕಲಿಗೆ ಮಡಿಯ ಸಿಟ್ಟು ಬೇರೆಯೇ ಇರುತ್ತದೆ.

"ಕರ. ಮುನಿಗಂಗಮ್ಮನ್ ಕರ. ಡೇರಿ ಗುಡ್ಸೋಕೆ ಬತ್ತಾಳಲ್ಲ, ಆವಾಗ ಅದನ್ನೂ ಎಳ್ಕಬಂದು ಓಣಿ ಕಂಬಕ್ಕೆ ಕಟ್ತಾಳೆ. ಅವತ್ತು ಅಗ್ಗ ಕಿತ್ಕೊಂಡು ನನ್ ಮಡಿಗೇ ಬಿತ್ತು. ಕರ ಅವ್ಳುದು, ಅರ್ಧ ಊರು ಓಡಿದ್ದು ನಾವು! ಒಡತಿ ಕಡೇಗಂಟ ಬರ್ಲಿಲ್ಲ. ನಾನೇ ಇಡ್ಕೊಂಡೋಗಿ ಅವ್ಳ ಮನೆ ಮುಂದೆ ಕಟ್ಟಾಕ್ದೆ."

"ಅವತ್ತು ಅಂದ್ರೆ?"

"ಸೋಮವಾರ. ಹಾಲು ಹಾಕಿ ಎಲ್ರೂ ಆಲದ ಮರದ ಕೆಳಗೆ ಕೂತಿದ್ವಿ, ಟ್ಯಾಂಕರ್ ಇನ್ನೂ ಬಂದಿರ್ಲಿಲ್ಲ. ವಾಪಸ್ ಬಂದು ನೋಡಿದ್ರೆ ನಮ್ಮಣ್ಣ..."

ನಾನು ಆದಿಲಕ್ಷ್ಮಮ್ಮನ ಕಡೆ ತಿರುಗಿದೆ. ಮುದುಕಿಗೆ ಆಗಲೇ ಅರ್ಥವಾಗಿತ್ತು. ಸೆರಗಿನ ತುದಿ ಬಾಯಿಗೆ ಹೋಗಿತ್ತು.

"ಕರ ಕಂಬದಾಗೇ ಇತ್ತಲ್ಲಮ್ಮ," ಅಂದಳು. "ನಾನು ನೋಡ್ತಾನೇ ಇದ್ನಲ್ಲ."

ಕಂಪ್ಯೂಟರ್ ಆನ್ ಮಾಡಿದೆ. ಕೊಲೆಯಾದ ರಾತ್ರಿ ಬೀಗ ಜಡಿದ ಕೋಣೆ, ಅವತ್ತಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಬೀಗದ ಕೈಯನ್ನು ನನಗೆ ಕೊಡುವಾಗ ಭಿಕ್ಷೆ ಹಾಕಿದ ಹಾಗೆ ಕೊಟ್ಟಿದ್ದರು. ಪರದೆ ಬೆಳಗಿತು, ಬ್ರೌಸರ್ ತೆರೆಯಿತು, ಓಣಿಯ ಚಿತ್ರ ಬಂತು. ಕೂಲರ್ ರೂಮಿನ ನೀಲಿ ಬಾಗಿಲು, ಬೋರಲು ಹಾಕಿದ ಕ್ಯಾನುಗಳು, ಖಾಲಿ ಕಂಬ.

"ನೋಡ್ತಾ ಇರಿ," ಅಂತ ಇಬ್ಬರಿಗೂ ಹೇಳಿ ನಾನು ಹಿತ್ತಲ ಕಡೆಯಿಂದ ಸುತ್ತಿ ಓಣಿಗೆ ಹೋದೆ. ಕ್ಯಾಮೆರಾದ ಎದುರಿಗೆ ನಿಂತೆ. ಮೊಣಕಾಲು ನೋವಿನ ಹೆಂಗಸು ನಾನು, ಆದರೂ ಎರಡೂ ಕೈ ಮೇಲೆತ್ತಿ ಬೀಸಿದೆ.

"ಕಾಣ್ತೀನಾ?"

"ಇಲ್ಲ!" ಒಳಗಿನಿಂದ ಮುದುಕಿಯ ಕೂಗು.

"ಕೈ ಬೀಸ್ತಾ ಇದೀನಿ!"

"ಬರೀ ಬಾಗ್ಲು ಐತೆ ತಾಯೀ! ನೀನಿಲ್ಲ!"

ನೀಲಿ ಬಾಗಿಲನ್ನು ತಳ್ಳಿ ಒಳಗೆ ಹೋದೆ. ಹೊರಗೆ ಬಂದೆ. ಮತ್ತೆ ಹೋದೆ, ಮತ್ತೆ ಬಂದೆ. ಮುಂದಿನ ಕೋಣೆಗೆ ವಾಪಸಾದಾಗ ವೆಂಕಿ ಪರದೆಯಿಂದ ಕಣ್ಣು ಕೀಳದೆ ನಿಂತಿದ್ದ. ಆದಿಲಕ್ಷ್ಮಮ್ಮ ಎರಡೂ ಕೈಯಿಂದ ಕೆನ್ನೆ ಬಡಿದುಕೊಳ್ಳುತ್ತಿದ್ದಳು.

"ಅಯ್ಯೋ ನನ್ ಬಾಯಿ ಸೇದೋಗ! ಆ ಮಗೀನ ನಾನೇ ಇಡ್ಸಿಬಿಟ್ನಲ್ಲಮ್ಮ!"

ಅವಳನ್ನು ಸಮಾಧಾನ ಮಾಡುವ ಮನಸ್ಸು ನನಗೆ ಬರಲಿಲ್ಲ. ಸುಮ್ಮನೆ ನೀರು ಕೊಟ್ಟೆ.

ಗಿರಿಗೆ ಮೊದಲೇ ಫೋನ್ ಮಾಡಿದ್ದೆ. ಆಂಡರ್ಸನ್‌ಪೇಟೆಯಲ್ಲಿ ಮೊಬೈಲ್, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಡೇರಿಗೆ ಕ್ಯಾಮೆರಾ ಹಾಕಿಕೊಟ್ಟವನೂ ಅವನೇ, ಮಾವ ಕುಪ್ಪುಸ್ವಾಮಿಯ ಹಳೆಯ ಕಂಪ್ಯೂಟರನ್ನು ಇಲ್ಲಿಗೆ ತಂದು ಕೂರಿಸಿದವನೂ ಅವನೇ. ಸ್ಕೂಟರ್ ನಿಲ್ಲಿಸಿ ಬಂದವನು ಪರದೆ ನೋಡಿದವನೇ ನಾಲಿಗೆ ಕಚ್ಚಿಕೊಂಡ.

"ಮೇಲ್ಗಡೆ ಹಳದಿ ಪಟ್ಟಿ ಇದೆಯಲ್ಲ ಮೇಡಂ, ಇದನ್ನ ಯಾರೂ ಓದ್ಲಿಲ್ವಾ?"

ಚಿತ್ರದ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು. ಲೈವ್ ಚಿತ್ರ ಬೇಕಿದ್ದರೆ ನಿಮ್ಮ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಆನ್ ಮಾಡಿಕೊಳ್ಳಿ ಅಂತ ಅದರ ಅರ್ಥ. ಆದಿಲಕ್ಷ್ಮಮ್ಮನಿಗೆ ಓದಲು ಬರುವುದಿಲ್ಲ. ಸಬ್ ಇನ್‌ಸ್ಪೆಕ್ಟರ್ ಸಾಹೇಬರಿಗೆ ಬರುತ್ತದೆ. ಸೋಮವಾರ ರಾತ್ರಿ ಇದೇ ಪರದೆ ಮುಂದೆ ನಿಂತು, ಕ್ಯಾಮೆರಾ ಸರಿಯಾಗಿದೆ ಅಂತ ಮಹಜರಿನಲ್ಲಿ ಬರೆಸಿಕೊಂಡು ಹೋಗಿದ್ದರು. ನನಗೆ ಬಂದ ಸಿಟ್ಟಿಗೆ ಎದುರಿಗೆ ಅವರಿದ್ದಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

"ಬಿಡಿಸಿ ಹೇಳಪ್ಪ," ಅಂದೆ.

"ಪೇಜಲ್ಲಿ ಏನೇನು ಓಡಾಡುತ್ತೋ ಅದನ್ನೆಲ್ಲ ಓಡಿಸೋದು ಈ ಜಾವಾಸ್ಕ್ರಿಪ್ಟ್ ಮೇಡಂ. ಕ್ಯಾಮೆರಾದಿಂದ ಹೊಸಹೊಸ ಚಿತ್ರ ತಂದು ಹಾಕ್ತಾ ಇರೋದು ಅದೇ. ಆಫ್ ಮಾಡಿಬಿಟ್ರೆ ಪೇಜ್ ಬರುತ್ತೆ, ಒಂದು ಚಿತ್ರನೂ ಬರುತ್ತೆ. ಆ ಹೊತ್ತಲ್ಲಿ ಅಲ್ಲಿ ಏನಿತ್ತೋ ಅದು. ಆಮೇಲೆ ಅಷ್ಟೇ, ಫೋಟೋ ಥರ ನಿಂತ್ಕೊಳ್ಳುತ್ತೆ."

"ತಾನಾಗೇ ಆಫ್ ಆಗ್ತದಾ?"

"ಚಾನ್ಸೇ ಇಲ್ಲ. ಸೆಟ್ಟಿಂಗ್ಸ್ ಒಳಗೆ ಹೋಗಿ ಹೋಗಿ ಕೈಯಾರೆ ಮಾಡ್ಬೇಕು. ನೋಡಿ ತೋರಿಸ್ತೀನಿ."

ಮೂಲೆಯ ಮೂರು ಚುಕ್ಕೆ ಒತ್ತಿದ. ಉದ್ದದ ಪಟ್ಟಿ ಇಳಿಯಿತು. ಅದರಲ್ಲೊಂದನ್ನು ಒತ್ತಿದ, ಇನ್ನೊಂದು ಪುಟ. ಅಲ್ಲೊಂದು, ಅದರೊಳಗೆ ಮತ್ತೊಂದು. ನಾನು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿದೆ. ಒಂದಕ್ಷರವೂ ನನಗೆ ಅರ್ಥವಾಗಲಿಲ್ಲ. ಎಲ್ಲ ತಮಿಳು.

"ಮಾವಂದು ಮೇಡಂ ಈ ಕಂಪ್ಯೂಟ್ರು. ಅವರಿಗೆ ತಮಿಳ್ ಬಿಟ್ರೆ ಬೇರೆ ಓದೋಕೆ ಬರಲ್ಲ. ಅದಕ್ಕೇ ಎಲ್ಲಾ ತಮಿಳಲ್ಲಿ ಇಟ್ಕೊಂಡಿದ್ರು."

ಕೊನೆಯ ಪುಟದಲ್ಲಿ ಎರಡು ಸಾಲುಗಳಿದ್ದವು. ಒಂದರ ಮುಂದೆ ಚುಕ್ಕೆ ಇತ್ತು. ಗಿರಿ ಚುಕ್ಕೆಯನ್ನು ಇನ್ನೊಂದಕ್ಕೆ ಬದಲಾಯಿಸಿ, ಕ್ಯಾಮೆರಾದ ಪುಟವನ್ನು ಮತ್ತೆ ತೆರೆದ. ಹಳದಿ ಪಟ್ಟಿ ಮಾಯವಾಯಿತು. ಓಣಿಯಲ್ಲಿ ಬಿದ್ದಿದ್ದ ಒಂದು ಒಣ ಎಲೆ ಗಾಳಿಗೆ ಸರಿದು ಗೋಡೆ ಸೇರಿದ್ದು ಪರದೆಯಲ್ಲಿ ಕಾಣಿಸಿತು.

ಆದಿಲಕ್ಷ್ಮಮ್ಮ ಎಲೆಯನ್ನೇ ನೋಡುತ್ತ ಅಳತೊಡಗಿದಳು.

ವೆಂಕಿ ಮಾತ್ರ ಎಲೆ ನೋಡಲಿಲ್ಲ. ಗಿರಿಯ ಕತ್ತಿನ ಹಿಂದೆ ಕೈ ಹಾಕಿ ಗೋಡೆಗೆ ಒತ್ತಿದ.

"ಲೇ, ಈ ಡೇರಿಗೆ ಬರೋರಾಗೆ ತಮಿಳ್ ಓದೋನು ನಿನ್ ಬಿಟ್ರೆ ಯಾವನ್ಲಾ ಅವ್ನೆ? ನಮ್ಮಣ್ಣ ನಿಂಗೇನ್ಲಾ ಮಾಡಿದ್ದ?"

"ಅಯ್ಯೋ ಸತ್ಯವಾಗ್ಲೂ ನಾನಲ್ಲಣ್ಣ! ಸೋಮವಾರ ನಾನು ಮಾರಿಕುಪ್ಪಂನಲ್ಲಿದ್ದೆ, ನನ್ ನಾದಿನಿ ಮಗೂಗೆ ಹೆಸರಿಡೋದಿತ್ತು. ಮಗೂನ ಎತ್ಕೊಂಡು ನಿಂತಿದ್ದೇ ನಾನು, ಫೋಟೋ ಇದೆ. ಬೇಕಾದ್ರೆ ಚರ್ಚ್ ಫಾದರ್‌ನ ಕೇಳಿ!"

"ಬಿಡು ವೆಂಕಿ."

"ನೀವ್ ಸುಮ್ಕಿರಿ ಮೇಡಂ."

"ಬಿಡು ಅಂದೆ. ಅಲ್ಲ, ನಿನ್ನೆವರೆಗೆ ಮುನಿರಾಜನೇ ಕೊಲೆಗಾರ ಅಂತಿದ್ದೆ. ಈಗ ಇವನು. ನಾಳೆ ಯಾರ ಕತ್ತು ಹಿಡೀತೀಯ?"

ವೆಂಕಿ ಕೈಬಿಟ್ಟ. ಅವನ ಮುಖ ನೋಡಲಾಗಲಿಲ್ಲ. ಅಣ್ಣನನ್ನು ಕೊಂದವನು ಸಿಕ್ಕಿದ್ದಾನೆ ಅನ್ನುವುದೊಂದೇ ಅವನಿಗಿದ್ದ ಸಮಾಧಾನ, ಅದನ್ನೂ ನಾನು ಕಿತ್ತುಕೊಂಡಿದ್ದೆ.

ಸೆಟ್ಟಿಂಗನ್ನು ಮೊದಲಿದ್ದ ಹಾಗೆ ಆಫ್‌ನಲ್ಲೇ ಇಡಿಸಿದೆ. ಪೊಲೀಸರು ಅವರ ಕಣ್ಣಿನಿಂದಲೇ ನೋಡಲಿ. ಹಳದಿ ಪಟ್ಟಿ, ಕದಲದ ಓಣಿ, ಎಲ್ಲವನ್ನೂ ಗಿರಿಯ ಕೈಯಲ್ಲಿ ನನ್ನ ಮೊಬೈಲಿನಲ್ಲಿ ವಿಡಿಯೋ ಮಾಡಿಸಿದೆ. ಸಾಹೇಬರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮುಖ್ಯವಾದ ಸಂಗತಿ ಸಿಕ್ಕಿದೆ, ಕೂಡಲೇ ಫೋನ್ ಮಾಡಿ ಅಂತ ಮೆಸೇಜ್ ಹಾಕಿದೆ.

ನನ್ನ ಕೆಲಸ ಅಲ್ಲಿಗೆ ಮುಗಿದಂತೆಯೇ. ಸಾಕ್ಷಿ ಬಿದ್ದುಹೋದರೆ ಕೇಸು ಬಿದ್ದುಹೋಗುತ್ತದೆ, ಮುನಿರಾಜ್ ಮನೆಗೆ ಬರುತ್ತಾನೆ. ಮುನಿಗಂಗಮ್ಮ ನನ್ನ ಕಾಲು ಹಿಡಿದು ಕೇಳಿದ್ದೂ ಅಷ್ಟೇ. ಆದರೆ ಠಾಣೆಯಲ್ಲಿ ಸವೆದ ಬುದ್ಧಿ ಅಷ್ಟಕ್ಕೆ ಸುಮ್ಮನಿರುವುದಿಲ್ಲ. ಕೋಣೆಗೆ ಬೀಗ ಹಾಕಿ, ಗಿರಿಯ ಜೊತೆ ಸ್ಕೂಟರಿನವರೆಗೆ ನಡೆದೆ.

"ಒಂದು ಕೇಳ್ತೀನಿ, ನಿಜ ಹೇಳು. ಈ ಊರವರಿಗೆ ಕಂಪ್ಯೂಟರ್ ಕೊಡೋವಾಗ ಅದನ್ನ ಕನ್ನಡಕ್ಕೆ ಯಾಕೆ ಬದಲಾಯಿಸ್ಲಿಲ್ಲ?"

"ಮಾಡ್ಕೊಡ್ತೀನಿ ಅಂತ ಹೇಳ್ದೆ ಮೇಡಂ. ಬೇಡ ಅಂದ್ರು. ಇದೇ ಇರ್ಲಿ, ನಂಗೆ ಇದೇ ಸಲೀಸು ಅಂದ್ರು."

"ಯಾರು? ಕದಿರಪ್ಪನಾ?"

"ಅವರಿಗೆಲ್ಲಿ ಬರುತ್ತೆ." ಗಿರಿ ಹೆಲ್ಮೆಟ್ ಹಾಕಿಕೊಳ್ಳುತ್ತ ಹೇಳಿದ. ಅವನ ಪಾಲಿಗೆ ಅದು ದೊಡ್ಡ ಮಾತೇ ಆಗಿರಲಿಲ್ಲ. "ಪುಷ್ಪಕ್ಕ. ಹಾಲಿನ ಲೆಕ್ಕ ಕಂಪ್ಯೂಟರಿಗೆ ಏರಿಸ್ತಾರಲ್ಲ, ಅವರು. ಒಂದ್ಸಲ ರಿಪೇರಿಗೆ ಬಂದೋನು ನಾನೇ ಅದನ್ನ ಆಫ್ ಮಾಡಿ ಮರ್ತುಹೋಗಿದ್ದೆ, ಹಿಂಗೇ ಚಿತ್ರ ನಿಂತುಹೋಗಿತ್ತು. ಫೋನಲ್ಲೇ ಜಾವಾಸ್ಕ್ರಿಪ್ಟ್ ಆನ್ ಮಾಡೋದು ಹೇಳ್ಕೊಟ್ಟೆ. ತಮಿಳಲ್ಲಿ ಏನಂತ ಇರುತ್ತೆ ಅಂತ ನಾನು ಹೇಳೋಕೆ ಮುಂಚೆನೇ ಅವರೇ ಓದ್ಕೊಂಡು ಒತ್ಬಿಟ್ರು."

ಆನ್ ಮಾಡಲು ಕಲಿತವಳಿಗೆ ಆಫ್ ಮಾಡಲು ಬೇರೆ ಪಾಠ ಬೇಕಿಲ್ಲ.

ಪುಷ್ಪ ಅಂದರೆ ಮುನಿರಾಜನ ತಂಗಿ, ಮುನಿಗಂಗಮ್ಮನ ಮಗಳು. ಮೊನ್ನೆ ತಾಯಿಯ ಜೊತೆ ಬಂಗಾರಪೇಟೆಯ ನನ್ನ ಮನೆಗೆ ಬಂದು, ಬಾಗಿಲ ಹತ್ತಿರ ನಿಂತು, ಒಂದೇ ಒಂದು ಮಾತೂ ಆಡದೆ ಹೋದ ಹೆಣ್ಣು. ಅಣ್ಣನ ಸಂಕಟಕ್ಕೆ ಮಾತು ಹೊರಡುತ್ತಿಲ್ಲ ಅಂದುಕೊಂಡು ನಾನೇ ಅವಳ ತಲೆ ಸವರಿದ್ದೆ.

ಗಿರಿಯ ಸ್ಕೂಟರ್ ಹೋದ ಮೇಲೆ ಊರಾಚೆಯ ಕಾಲೊನಿಯ ಕಡೆ ಹೊರಟೆ.

ಮುನಿಗಂಗಮ್ಮ ಹೊಸ್ತಿಲ ಮೇಲೆ ಕೂತು ದಾರಿಯನ್ನೇ ನೋಡುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ಬಂದು ಕೈ ಹಿಡಿದುಕೊಂಡಳು. ಕಸಬರಿಕೆ ಹಿಡಿದು ಗಟ್ಟಿಯಾದ ಕೈ. ಅಂಗಳದ ಗೂಟಕ್ಕೆ ಕಂದು ಕರು ಕಟ್ಟಿತ್ತು. ಬಾಲ ಬೀಸಿ ನೊಣ ಓಡಿಸುತ್ತಿತ್ತು.

"ಏನಾತು ಮೇಡಮ್ಮ? ನನ್ ಮಗ ಬತ್ತಾನಾ?"

"ಆದಿಲಕ್ಷ್ಮಮ್ಮ ನೋಡಿದ್ದು ಬರೀ ನಿಂತುಹೋಗಿದ್ದ ಚಿತ್ರ ಗಂಗಮ್ಮ. ಯಾರು ಬೇಕಾದ್ರೂ ಒಳಗೆ ಹೋಗಿರ್ಬೋದು. ಸಾಹೇಬ್ರಿಗೆ ತೋರಿಸಿದ್ರೆ ನಿನ್ನ ಮಗನ ಮೇಲೆ ಕೇಸು ನಿಲ್ಲಲ್ಲ."

ಅವಳು ಆಕಾಶಕ್ಕೆ ಕೈ ಮುಗಿದಳು. ಆಮೇಲೆ ನನಗೆ ಮುಗಿದಳು. ಕಣ್ಣೀರು ಕೆನ್ನೆಯಲ್ಲಿ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಇಂಥ ಹೊತ್ತಿನಲ್ಲಿ ಅವಳನ್ನು ಪ್ರಶ್ನೆ ಕೇಳಲು ನನಗೆ ನಾಚಿಕೆಯಾಯಿತು. ಆದರೂ ಕೇಳಿದೆ.

"ಪುಷ್ಪ ಎಲ್ಲಿ ಓದಿದ್ದು ಗಂಗಮ್ಮ?"

"ಅವ್ಳಾ?" ಅವಳ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡಿತು. "ಸಣ್ಣೋಳಿದ್ದಾಗ ನಮಗೆ ಕೂಲಿ ಇರ್ಲಿಲ್ಲ ಅಂತ ಮಾರಿಕುಪ್ಪಂನಾಗೆ ನಮ್ಮಕ್ಕನ ಮನೇಲಿ ಬುಟ್ಟಿದ್ದೆ. ಗಣಿ ಲೈನ್ ಮನೆ. ಅಲ್ಲಿ ಇಸ್ಕೂಲಾಗೆ ಎಲ್ಲಾ ತಮಿಳೇ. ಏಳ್ನೇ ಕ್ಲಾಸ್‌ಗಂಟ ಅಲ್ಲೇ. ಈಗ್ಲೂ ತಮಿಳ್ ಪೇಪರ್ ಕೊಟ್ರೆ ಗಡಗಡ ಓದ್ತಾಳೆ ನನ್ ಮಗ್ಳು! ಈ ಊರ್ನೋರಿಗೆ ಅದೆಲ್ಲಿ ಗೊತ್ತು? ಇರಿ, ಕಾಫಿ ಕಾಯಿಸ್ತೀನಿ."

ಹೆಮ್ಮೆಯಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಮನೆಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪುಷ್ಪ ಕೂತಿದ್ದಳು. ಮುಂದೆ ಅಣ್ಣನ ಅಂಗಿ, ನೆನೆಸಿಟ್ಟಿದ್ದು. ಒಗೆಯುತ್ತಿರಲಿಲ್ಲ. ತಾಯಿಯ ಮಾತು ಅವಳಿಗೆ ಕೇಳಿಸಿತ್ತು ಅಂತ ಮುಖ ನೋಡಿದಾಗಲೇ ಗೊತ್ತಾಯಿತು.

"ನೀನು ಆಫ್ ಮಾಡಿದ್ದು," ಅಂದೆ. ಪ್ರಶ್ನೆ ಕೇಳಲಿಲ್ಲ.

ಅವಳು ಹೌದೆಂದು ತಲೆಯಾಡಿಸಿದಳು.

"ನಿನ್ನ ಅಣ್ಣ ಲಾಕಪ್ಪಿನಲ್ಲಿ ಏಟು ತಿಂತಿದಾನೆ. ಒಂದು ಮಾತು ಹೇಳಿದ್ರೆ ಬಿಟ್ಟುಬಿಡ್ತಿದ್ರು. ಹೇಳ್ಲಿಲ್ಲ. ನನ್ನ ಮನೆ ಬಾಗಿಲಿಗೆ ಬಂದು ನಿಂತೆ, ಆವಾಗ್ಲೂ ಹೇಳ್ಲಿಲ್ಲ. ಎಂಥ ತಂಗಿಯೇ ನೀನು?"

"ಏನಂತ ಯೋಳ್ಲಿ ಮೇಡಂ?" ಅವಳ ದನಿ ಏರಲಿಲ್ಲ. "ಯಾಕೆ ಆಫ್ ಮಾಡ್ದೆ ಅಂತ ಕೇಳ್ತಾರಲ್ಲ?"

"ಯಾಕೆ?"

ಅವಳು ಅಂಗಿಯನ್ನು ಹಿಂಡಿದಳು. ಬಿಟ್ಟಳು. ಮತ್ತೆ ಹಿಂಡಿದಳು.

"ಕದಿರಪ್ಪಣ್ಣ ಕರೀತಿದ್ರು. ಕೂಲರ್ ರೂಮಿಗೆ. ಹಾಲೆಲ್ಲ ಹಾಕಾದ್ಮೇಲೆ. ಬರ್ದಿದ್ರೆ ನಿನ್ ಕೆಲ್ಸ ಇಲ್ಲ, ನಿಮ್ಮಣ್ಣಂಗೂ ಇಲ್ಲ, ನಿಮ್ಮಮ್ಮ ಕಸ ಗುಡ್ಸೋದೂ ಇಲ್ಲ ಅಂದ್ರು. ಊರೆಲ್ಲ ಸರದಿ ಮೇಲೆ ಕೂತು ಆ ಬಾಗ್ಲು ನೋಡ್ತದೆ ಮೇಡಂ. ನಾನು ಓಗೋದನ್ನೂ ನೋಡ್ತದೆ. ಚಿತ್ರ ನಿಲ್ಸಿ ಬಾ ಅಂತ ಅವ್ರೇ ಅಂದ್ರು. ನಿಲ್ಸಿ ಓಗ್ತಿದ್ದೆ. ಬಂದು ಆನ್ ಮಾಡ್ತಿದ್ದೆ. ಎದುರಿಗೇ ಕೂತಿದ್ರೂ ಒಬ್ಬರಿಗೂ ಗೊತ್ತಾಗ್ಲಿಲ್ಲ. ಯಾರೂ ಚಿತ್ರನ ನೋಡ್ತಿರ್ಲಿಲ್ಲ. ಸುಮ್ಕೆ ಕೂತಿರ್ತಿದ್ರು."

ಕಲ್ಲಿನ ಅಂಚಿನ ಮೇಲೆ ಕೂತೆ. ಹಾಲಿಗೆ ನೀರು ಬೆರೆಸುವವರನ್ನು ಹಿಡಿಯಲು ಇಡೀ ಊರು ಕಾವಲು ಕೂತಿತ್ತು. ಆ ಕಾವಲಿನ ಕಣ್ಣೆದುರಿಗೇ ಈ ಹೆಣ್ಣು ಹೋಗಿ ಬರುತ್ತಿದ್ದಳು. ಸತ್ತವನ ಮೇಲೆ ನನಗಿದ್ದ ಕನಿಕರವೆಲ್ಲ ಅಲ್ಲೇ ಸತ್ತುಹೋಯಿತು.

"ಮುನಿರಾಜಂಗೆ ಗೊತ್ತಾಯ್ತು," ಅಂದೆ. "ಅದಕ್ಕೇ ಕೊರಳಪಟ್ಟಿ ಹಿಡಿದ. ಅದಕ್ಕೇ ಯಾಕೆ ಅಂತ ಹೇಳ್ತಿಲ್ಲ."

"ನನ್ ಹೆಸರು ಬತ್ತದೆ ಅಂತ."

"ಸೋಮವಾರ ಏನಾಯ್ತು? ನೀನು ಒಳಗೆ ಹೋದಾಗ..."

"ನಾನು ಓಗ್ಲಿಲ್ಲ ಮೇಡಂ."

ಅವಳು ಮೊದಲ ಬಾರಿಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಸೋಮವಾರ ಅವ್ರು ಕರೀಲಿಲ್ಲ. ಚಿತ್ರ ನಿಲ್ಸು ಅಂತ ಅವ್ರು ಅನ್ಲೂ ಇಲ್ಲ. ನಾನು ನಿಲ್ಸಿ ಸೀದಾ ಮನೆಗೆ ಬಂದೆ."

"ಮತ್ತೆ ಯಾರು ಹೇಳಿದ್ದು?"

ಅವಳು ಮನೆಯ ಕಡೆ ನೋಡಿದಳು. ಒಳಗಿನಿಂದ ಲೋಟ ತೊಳೆಯುವ ಸದ್ದು ಬರುತ್ತಿತ್ತು.

ನನ್ನ ಕಿವಿಯಲ್ಲಿ ವೆಂಕಿಯ ಮಾತು ಕೇಳಿಸಿತು. ಕರ ಅವ್ಳುದು, ಓಡಿದ್ದು ನಾವು. ಒಡತಿ ಕಡೇಗಂಟ ಬರ್ಲಿಲ್ಲ. ಕೆಲಸಕ್ಕೆ ಬರುವಾಗಲೂ ಕರುವನ್ನು ಜೊತೆಗೇ ಎಳೆದುಕೊಂಡು ಬರುವ ಹೆಂಗಸು, ಅದು ಹಗ್ಗ ಕಿತ್ತುಕೊಂಡು ಓಡಿದಾಗ, ಅರ್ಧ ಊರು ಬಾಯಿ ಬಡಿದುಕೊಂಡಾಗ, ಎಲ್ಲಿದ್ದಳು? ನಾನು ಆ ಮಾತಿನಲ್ಲಿ ಕರುವನ್ನಷ್ಟೇ ಕೇಳಿಸಿಕೊಂಡಿದ್ದೆ.

"ಆಯಿತ್ವಾರ ಅಮ್ಮಂಗೆ ಎಲ್ಲಾ ಯೋಳ್ಬಿಟ್ಟಿದ್ದೆ," ಪುಷ್ಪ ಪಿಸುಗುಟ್ಟಿದಳು. "ಯೋಳ್ದೆ ಇರೋಕಾಗ್ಲಿಲ್ಲ. ಸೋಮವಾರ ಬಂದು, ಇವತ್ತು ಆ ಟೀವಿ ನಿಲ್ಸಿ ನೀನು ಮನೆಗೋಗು, ನಾನು ಅವ್ನತ್ರ ಮಾತಾಡಿ ಬತ್ತೀನಿ ಅಂದ್ಲು. ಊರ್ಗೆ ಗೊತ್ತಾಗ್ದಂಗೆ ಮಾತಾಡ್ಬೇಕು ಅಂದ್ಲು. ಅಷ್ಟೇ ಮೇಡಂ ಅಂದಿದ್ದು. ಮಾತಾಡಿ ಬತ್ತೀನಿ ಅಂದ್ಲು."

"ಬಂದ ಮೇಲೆ ಏನಂದ್ಲು?"

"ಏನೂ ಅನ್ಲಿಲ್ಲ. ನಾನೂ ಕೇಳ್ಲಿಲ್ಲ."

ನನ್ನ ಚೀಲದೊಳಗೆ ಮೊಬೈಲ್ ಬಡಿದುಕೊಂಡಿತು. ಸಬ್ ಇನ್‌ಸ್ಪೆಕ್ಟರ್. ಕರೆ ಎತ್ತಿಕೊಂಡೆ.

"ಮೆಸೇಜ್ ನೋಡಿದೆ ಅಮ್ಮಾಜಮ್ಮ. ಏನೋ ಸಿಕ್ಕಿದೆ ಅಂದ್ರಲ್ಲ. ಇನ್ನು ತೊಂದ್ರೆ ತಗೋಬೇಡಿ." ಅವರ ದನಿಯಲ್ಲಿ ಊಟ ಮುಗಿಸಿ ಕೂತವರ ನೆಮ್ಮದಿ ಇತ್ತು. "ಹುಡುಗ ಒಪ್ಕೊಂಡುಬಿಟ್ಟ. ನೀವು ಕ್ಯಾಮೆರಾ ನೋಡೋಕೆ ಹೋಗಿದ್ದೀರಿ, ಚಿತ್ರ ಓಡ್ತಿತ್ತೋ ಇಲ್ವೋ ಪರೀಕ್ಷೆ ಮಾಡ್ತಾರಂತೆ ಅಂತ ನಮ್ಮ ಪೇದೆ ಅವನ ಮುಂದೆ ಅಂದನಂತೆ. ಅಷ್ಟೇ ನೋಡಿ. ಮೂರು ದಿನ ಬಾಯಿ ಬಿಡದೋನು ಎದ್ದು ನಿಂತು, ನಾನೇ ಕೊಂದೆ, ಬರ್ಕೊಳಿ ಸಾರ್, ಆ ಮೇಡಂನ ವಾಪಸ್ ಕರೀರಿ ಅಂದ. ಸಹಿನೂ ಹಾಕಿದ. ಹಲೋ? ಕೇಳ್ತಿದೆಯಾ?"

ಕೇಳುತ್ತಿತ್ತು. ಮುನಿರಾಜನಿಗೂ ಗೊತ್ತಿತ್ತು. ಒಳಗೆ ಹೋದದ್ದು ಯಾರು ಅಂತ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

ನನ್ನ ಮೊಬೈಲಿನಲ್ಲಿ ಆ ವಿಡಿಯೋ ಇತ್ತು. ಅದನ್ನು ತೋರಿಸಿದರೆ ಮಗ ಹೊರಗೆ, ತಾಯಿ ಒಳಗೆ, ಮಗಳ ಹೆಸರು ಊರಿನ ಬಾಯಲ್ಲಿ. ತೋರಿಸದಿದ್ದರೆ ಮಾಡದ ಕೊಲೆಗೆ ಮುನಿರಾಜ್ ಜೀವನಪೂರ್ತಿ ಜೈಲಿನಲ್ಲಿ.

"ಹಲೋ? ಏನು ಸಿಕ್ಕಿದೆ ಅಂದ್ರಿ?" ಸಾಹೇಬರು ಮತ್ತೆ ಕೇಳಿದರು.

ಮುನಿಗಂಗಮ್ಮ ಬಿಸಿ ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡು ಹೊರಗೆ ಬಂದಳು. ನನ್ನ ಕಿವಿಯ ಮೊಬೈಲನ್ನು ನೋಡಿದಳು, ಮಗಳ ಮುಖವನ್ನು ನೋಡಿದಳು. ಲೋಟವನ್ನು ನನ್ನ ಮುಂದೆ ಹಿಡಿದಳು. ಕೈ ಒಂದಿಷ್ಟೂ ಅಲುಗಲಿಲ್ಲ.

"ಟೇಸನ್ನಿಂದಾನಾ ಮೇಡಮ್ಮ?" ಅಂದಳು. "ನಿಜ ಯೋಳ್ಬುಡಿ ಅವ್ರಿಗೆ. ನನ್ ಮಗ ಏನೂ ಮಾಡಿಲ್ಲ."